ಗಿರಣಿಯ ನೆಲ ಮತ್ತು ‘ತೆರೆದ ಜಾಗ’

ನಿಯಮಾವಳಿಯ ಒಂದು ಶಬ್ದದ ಅರ್ಥ ಬದಲಾದರೆ ಬಡವರ ಪಾಲಿನ ನೆಲವೆಷ್ಟು ಕರಗೀತೆಂಬುದಕ್ಕೆ ಮುಂಬಯಿಯ ಗಿರಣಿ ಜಮೀನುಗಳೇ ಸಾಕ್ಷಿ. ಪರೇಲ್, ಲಾಲ್‌ಬಾಗ್, ವರಳಿಗಳ ಸುತ್ತಮುತ್ತ ಅವು ಸುಮಾರು 600 ಎಕರೆಗಳಷ್ಟಿದ್ದವು. ಎಲ್ಲವೂ ಕೈಗಾರಿಕೆಗೆಂದು ಗುರುತಿಸಲ್ಪಟ್ಟ ನೆಲ. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲವನ್ನು ಅನ್ಯ ಉಪಯೋಗಕ್ಕೆ ಬಿಡುವಾಗ 1991ರ 58ನೆಯ ನಿಯಮವು ಸ್ಥೂಲವಾಗಿ ಮೂರು ಪಾಲು ಮಾಡಿತು: ಒಂದು ನಗರಪಾಲಿಕೆಯ ಬಯಲು-ಉದ್ಯಾನಗಳಿಗೆ, ಒಂದು ‘ಮ್ಹಾಡಾ’ದ ಸಾರ್ವಜನಿಕ ವಸತಿಗೆ, ಉಳಿದುದು ಮಾಲೀಕರಿಗೆ.

2001ರ ತಿದ್ದುಪಡಿಯು ಈ ಪಾಲನ್ನು ‘ತೆರೆದ ಜಾಗ’ಕ್ಕಷ್ಟೇ ಸೀಮಿತಗೊಳಿಸಿತು. ಗಿರಣಿಯನ್ನು ಕೆಡವಿದ ಮೇಲೆ ಬರಿದಾದ ನೆಲವು ತೆರೆದ ಜಾಗವಲ್ಲವಂತೆ! ಗಿರಣಿಯೆಂದರೆ ಬಹುಪಾಲು ಕಟ್ಟಡವೇ ಅಲ್ಲವೆ? ಹೀಗಾಗಿ ಪಾಲಿಗೆ ಬಂದುದು ಅಂಚಿನ ತುಂಡುಗಳು. ರೋಗಗ್ರಸ್ತ ಗಿರಣಿಗಳ ಪುನರುಜ್ಜೀವನಕ್ಕೂ ಕಾರ್ಮಿಕರ ಬಾಕಿ ತೀರಿಕೆಗೂ ಹಣ ಬೇಕೆಂಬ ಸಮರ್ಥನೆಯಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಅದರ ಬೆಲೆಯನ್ನು ತೆತ್ತವರು ಬಾಡಿಗೆದಾರರು. ತಿದ್ದುಪಡಿಯ ಈ ಅರ್ಥವನ್ನು 2005ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಒಪ್ಪಲಿಲ್ಲ. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು.

ಇಂದು ಲೋವರ್ ಪರೇಲಿನ ಗೋಪುರಗಳಲ್ಲಿ ದುಡಿಯುವ ನಮ್ಮ ಗುಮಾಸ್ತರೂ ಹೊಟೇಲು ನೌಕರರೂ ವಿರಾರ್, ಡೊಂಬಿವಲಿಗಳಿಂದ ಲೋಕಲ್ ಹಿಡಿದು ಬರುತ್ತಾರೆ.