ಕಿಟಕಿಗಳಿಗೆ ಒಂದು ಸಾಮಾನ್ಯ ಕಟ್ಟಳೆ

ಗಣಕಯಂತ್ರದ ತೆರೆಯ ಮೇಲೆ ತೋರುವ ಚೌಕಗಳನ್ನು ಕಿಟಕಿಗಳೆಂದು ಕರೆಯುವುದು ರೂಢಿ. ಆ ಕಿಟಕಿಗಳು ಯಾರ ಕಟ್ಟಳೆಯಂತೆ ಮೂಡುತ್ತವೆಂದು ನಮ್ಮ ವಿದ್ಯಾರ್ಥಿಗಳು ಕೇಳುವುದು ಅಪರೂಪ. ಒಂದು ಯಂತ್ರಕ್ಕಾಗಿ ಬರೆದ ಪ್ರೋಗ್ರಾಮು ಇನ್ನೊಂದರಲ್ಲಿ ನಡೆಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

ಅಮೆರಿಕದ ಮ್ಯಾಸಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1984ರಲ್ಲಿ ಇದೇ ತೊಡಕು ಎದುರಾಯಿತು. ಅಲ್ಲಿದ್ದ ವರ್ಕ್‌ಸ್ಟೇಷನ್ನುಗಳು ಬೇರೆ ಬೇರೆ ತಯಾರಕರವು. ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಎಂಬವರು ಆಗ ರೂಪಿಸಿದುದೇ ಎಕ್ಸ್ ವಿಂಡೋ ಪದ್ಧತಿ. 1987ರಲ್ಲಿ ಹೊರಬಂದ ಅದರ ಹನ್ನೊಂದನೆಯ ಆವೃತ್ತಿಯು ಇಂದಿಗೂ ಬಳಕೆಯಲ್ಲಿದೆ. ಇದರ ತಿರುಳು ಸರಳವಾದುದು. ಪ್ರೋಗ್ರಾಮು ತೆರೆಯನ್ನು ತಾನೇ ಮುಟ್ಟುವುದಿಲ್ಲ; ‘ಇಲ್ಲಿ ಗೆರೆಯೆಳೆ, ಅಲ್ಲಿ ಅಕ್ಷರ ಬರೆ’ ಎಂದು ಸಂದೇಶ ಕಳುಹಿಸುತ್ತದೆ. ನಾವು ಕೀಲಿಯೊತ್ತಿದರೆ ಆ ಸುದ್ದಿಯೂ ಸಂದೇಶವಾಗಿಯೇ ಅದಕ್ಕೆ ಮರಳುತ್ತದೆ. ಆದುದರಿಂದ ಪ್ರೋಗ್ರಾಮು ನಮ್ಮ ಮೇಜಿನ ಮೇಲಿನ ಯಂತ್ರದಲ್ಲಿಯೇ ಇರಬೇಕಾದುದಿಲ್ಲ. ಬೇರೊಂದು ಊರಿನಲ್ಲಿದ್ದರೂ ಸರಿಯೆ. ವಿಚಿತ್ರವೆಂದರೆ, ಇಲ್ಲಿ ‘ಸರ್ವರ್’ ಎನಿಸಿಕೊಳ್ಳುವುದು ನಮ್ಮೆದುರಿನ ಪುಟ್ಟ ಯಂತ್ರ. ದೂರದ ಮಹಾಯಂತ್ರದಲ್ಲಿನ ಪ್ರೋಗ್ರಾಮು ಅದರ ಗಿರಾಕಿ!

ವೈಯಕ್ತಿಕ ಗಣಕಗಳ ತಯಾರಕರು ಈ ಹಾದಿ ಹಿಡಿಯಲಿಲ್ಲ. 1984ರ ಮೆಕಿಂಟಾಷ್, 1985ರ ವಿಂಡೋಸ್ ತಂತಮ್ಮ ಕಟ್ಟಳೆಗಳನ್ನೇ ಮಾಡಿಕೊಂಡವು. ಅವರ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ. ಮೊದಲ ಮೆಕಿಂಟಾಷಿನ ಸ್ಮೃತಿ ಬರಿಯ 128 ಕಿಲೋಬೈಟು. ಎಕ್ಸ್ ಪದ್ಧತಿಯ ಭಾರ ಅದಕ್ಕೆ ತಡೆಯುವಂತಿರಲಿಲ್ಲ. ಮೇಲಾಗಿ, ಕಿಟಕಿ ಹೇಗೆ ಕಾಣಬೇಕೆಂಬುದನ್ನು ಎಕ್ಸ್ ಬೇಕೆಂದೇ ನಿಯಮಿಸದೆ ಬಿಟ್ಟಿತು. ಪ್ರೋಗ್ರಾಮುಗಳು ಒಂದೊಂದು ವೇಷದಲ್ಲಿ ಬಂದು ಬಳಸುವವರನ್ನು ಕಕ್ಕಾಬಿಕ್ಕಿ ಮಾಡಿದುದುಂಟು. ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ: ಒಂದೇ ತೆರೆಯನ್ನು ಹಂಚಿಕೊಂಡ ಪ್ರೋಗ್ರಾಮುಗಳಲ್ಲಿ ಒಂದು, ಮತ್ತೊಂದಕ್ಕೆಂದು ಒತ್ತಿದ ಕೀಲಿಗಳನ್ನು ಕದ್ದುನೋಡಬಲ್ಲುದು. 2008ರಲ್ಲಿ ವೇಲ್ಯಾಂಡ್ ಎಂಬ ಹೊಸ ಪದ್ಧತಿಯ ಕೆಲಸವು ಮೊದಲಾಯಿತು. ಅದು ಈ ದೋಷವನ್ನು ನೀಗಿದೆ. ಆದರೆ ದೂರದ ಯಂತ್ರದೊಡನೆ ವ್ಯವಹರಿಸುವ ಗುಣವನ್ನು ತನ್ನ ಮೂಲರಚನೆಯಲ್ಲಿ ಇರಿಸಿಕೊಂಡಿಲ್ಲ.

ತಯಾರಕರು ತಮ್ಮ ಕಿಟಕಿಗಳನ್ನು ಕಿತ್ತೆಸೆಯಬೇಕೆಂದು ನಾವು ಹೇಳುತ್ತಿಲ್ಲ. ಅವುಗಳ ಪಕ್ಕದಲ್ಲಿ ಸಾಮಾನ್ಯ ಕಟ್ಟಳೆಗೂ ಒಂದು ಎಡೆಯಿರಲಿ ಎಂಬುದಷ್ಟೇ ನಮ್ಮ ವಾದ. ಇದು ಆಗದ ಮಾತಲ್ಲ. 2003ರಲ್ಲಿ ಆಪಲ್ ಕಂಪನಿಯು ಮ್ಯಾಕ್ ವ್ಯವಸ್ಥೆಯೊಡನೆ ಎಕ್ಸ್ ಸರ್ವರನ್ನು ಕೊಡತೊಡಗಿತು. 2021ರಲ್ಲಿ ವಿಂಡೋಸ್ 11 ಲಿನಕ್ಸಿನ ಕಿಟಕಿಗಳಿಗೆ ತನ್ನಲ್ಲಿ ಜಾಗ ಮಾಡಿಕೊಟ್ಟಿತು. ಸ್ಮೃತಿಯನ್ನು ಗಿಗಾಬೈಟುಗಳಲ್ಲಿ ಎಣಿಸುವ ಈ ಕಾಲದಲ್ಲಿ ಭಾರದ ನೆವವೂ ಉಳಿದಿಲ್ಲ. ಆದರೆ ತಯಾರಕರ ಮರ್ಜಿಯಿಂದ ಬಂದುದು ಅವರ ಮರ್ಜಿಯಿಂದಲೇ ಹೋಗುತ್ತದೆ: 2012ರಲ್ಲಿ ಆಪಲ್ ಆ ಸರ್ವರನ್ನು ಕೈಬಿಟ್ಟಿತು. ಅಂದಿನಿಂದ ಮ್ಯಾಕ್ ಬಳಸುವವರು ಎಕ್ಸ್‌ಕ್ವಾರ್ಟ್ಜ್ ಎಂಬುದನ್ನು ತಾವೇ ಹುಡುಕಿ ತಂದು ಹಾಕಿಕೊಳ್ಳಬೇಕಾಗಿದೆ.

ದೂರದ ಮಹಾಗಣಕದಲ್ಲಿ ಲೆಕ್ಕ ಮಾಡಿಸಿ, ಅದರ ನಕ್ಷೆಯನ್ನು ತನ್ನ ಮೇಜಿನಲ್ಲಿ ನೋಡಬಯಸುವ ವಿದ್ಯಾರ್ಥಿಗೆ ಇದು ಸಣ್ಣ ಮಾತಲ್ಲ. ಮುಂದಿನ ಸಲ ಕಾಲೇಜಿಗೆ ಗಣಕಗಳನ್ನು ಕೊಳ್ಳುವಾಗ ಬೆಲೆ, ವೇಗಗಳ ಜೊತೆಗೆ ಇದನ್ನೂ ಕೇಳಲಿ: ಬೇರೆ ಯಂತ್ರದ ಕಿಟಕಿ ಇದರಲ್ಲಿ ತೆರೆಯುವುದೇ?