ಕೈಗಾರಿಕೆಯೂ ಜನಾರೋಗ್ಯವೂ

ನಾಡೊಂದು ಎಂತಹ ಕೈಗಾರಿಕೆಗಳನ್ನು ಬೆಳೆಸುವುದೋ ಅದನ್ನು ಅನುಸರಿಸಿ ಜನರ ದುಡಿಮೆ ರೂಪುಗೊಳ್ಳುತ್ತದೆ. ದುಡಿಮೆಯೊಂದೇ ಅಲ್ಲ, ಕಾಯಿಲೆ ಬಿದ್ದಾಗ ಅವರಿಗೆ ದೊರೆಯುವ ನೆರವೂ ಅದನ್ನೇ ಅವಲಂಬಿಸಿರುತ್ತದೆ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳು ಈ ಮಾತಿಗೆ ನಿದರ್ಶನಗಳಾಗಿವೆ.

ಕಾರ್ಮಿಕನ ಚಿಕಿತ್ಸೆಗೆ ವಿಮೆಯ ಆಸರೆ ಇರಬೇಕೆಂಬ ಕಾನೂನು ಜರ್ಮನಿಯಲ್ಲಿ 1883ರಲ್ಲಿಯೇ ಬಂದಿತು. ಭಾರತದಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ 1948ರಲ್ಲಿ ರಚಿತವಾಗಿ, 1952ರಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಮೊದಲು ಆಚರಣೆಗೆ ಬಂದಿತು. ಮಾಲೀಕನೂ ಕಾರ್ಮಿಕನೂ ವೇತನದ ಒಂದು ಪಾಲನ್ನು ವಿಮೆಗೆ ಸಲ್ಲಿಸುತ್ತಾರೆ. ಕಾರ್ಮಿಕನ ಕುಟುಂಬಕ್ಕೆಲ್ಲ ವೈದ್ಯ ನೆರವು ಲಭಿಸುತ್ತದೆ. ಇದು ನಿಜಕ್ಕೂ ಶ್ಲಾಘನೀಯವಾದ ವ್ಯವಸ್ಥೆ. ಆದರೆ ಸಾಮಾನ್ಯವಾಗಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸ್ಥಳಗಳಿಗೆ ಮಾತ್ರ ಇದು ಅನ್ವಯಿಸುತ್ತದೆ.

ಕೊಳ್ಳೇಗಾಲ ರೇಷ್ಮೆಗೆ ಹೆಸರಾದ ಊರು. ಇಲ್ಲಿ ಕೈಮಗ್ಗಗಳಿರುವುದು ಹೆಚ್ಚಾಗಿ ನೇಕಾರರ ಮನೆಗಳಲ್ಲಿಯೇ. ದಿನವೆಲ್ಲ ಮಗ್ಗದ ಮುಂದೆ ಕುಳಿತವರಿಗೆ ಬೆನ್ನುನೋವು ತಪ್ಪದು. ಕಣ್ಣು ಬೇಗನೆ ದಣಿಯುತ್ತದೆ. ನೂಲು ಬಿಚ್ಚಾಣಿಕೆಯಲ್ಲಿ ತೊಡಗಿದವರು ಬಿಸಿನೀರಿನಲ್ಲಿ ಬೇಯುವ ಗೂಡುಗಳಿಂದ ಎಳೆ ತೆಗೆಯುವಾಗ ಬೆರಳುಗಳ ಚರ್ಮ ಕೆಡುತ್ತದೆ. ಹಬೆ ಹೊಗೆಗಳಿಂದ ಉಬ್ಬಸ ಅಂಟಿಕೊಳ್ಳುತ್ತದೆ. ಇವರೆಲ್ಲರೂ ಕೈಗಾರಿಕೆಯ ದುಡಿಮೆಗಾರರೇ ಸರಿ. ಆದರೆ ಮನೆಯಲ್ಲಿ ದುಡಿಯುವವರ ಹೆಸರು ಯಾವ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ. ಆದಕಾರಣ ಕಾರ್ಖಾನೆಯ ವಿಮೆ ಅವರ ಹೊಸ್ತಿಲನ್ನು ದಾಟಿ ಒಳಬರುವುದಿಲ್ಲ.

ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಬೆಟ್ಟಗಾಡಿನಲ್ಲಿ ವಾಸಿಸುವ ಸೋಲಿಗರ ಸ್ಥಿತಿ ಇದಕ್ಕಿಂತಲೂ ಕಠಿಣ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ಸೋಲಿಗರ ಪೋಡುಗಳಿಗೆ ವೈದ್ಯಸೇವೆಯನ್ನು ಒಯ್ದರು. ರೋಗಿಯ ಉದ್ಯೋಗ ಯಾವುದೆಂದು ಕೇಳದೆ, ಅವನಿರುವ ಎಡೆಗೇ ಚಿಕಿತ್ಸೆಯನ್ನು ಕೊಂಡೊಯ್ಯಬಹುದೆಂಬುದಕ್ಕೆ ಈ ಸೇವೆ ಸಾಕ್ಷಿಯಾಯಿತು.

ಕಾರ್ಖಾನೆಗಳು ಹೆಚ್ಚಿದರೆ ಎಲ್ಲವೂ ತಾನಾಗಿ ಸರಿಹೋಗುವುದೆಂದು ಕೆಲವರು ವಾದಿಸುತ್ತಾರೆ. ಕಾರ್ಖಾನೆಗಳು ಬೇಕು, ಅವುಗಳಿಂದ ಬರುವ ತೆರಿಗೆಯೂ ಆಸ್ಪತ್ರೆಗಳಿಗೆ ಬೇಕು. ಆದರೆ ಕೆಲಸಕ್ಕಾಗಿ ದೂರದ ಪಟ್ಟಣಕ್ಕೆ ಹೋದ ಯುವಕನು ಕೆಲಸ ಕಳೆದುಕೊಂಡು ಹಿಂದಿರುಗಿದರೆ, ಕೆಲಸದೊಡನೆ ಬಂದ ರಕ್ಷಣೆ ಬಹುಕಾಲ ಉಳಿಯದು. ನೌಕರಿಯನ್ನೇ ನಂಬಿದ ಆರೋಗ್ಯ ರಕ್ಷಣೆ ನೌಕರಿಯಷ್ಟೇ ಅಸ್ಥಿರವಾದುದು.

2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ನೌಕರಿಯ ಬದಲು ಪಡಿತರ ಚೀಟಿಯನ್ನು ಆಧಾರವಾಗಿ ಸ್ವೀಕರಿಸಿದ್ದು ಸರಿಯಾದ ಹೆಜ್ಜೆ. ಆದರೆ ಅದರ ನೆರವು ಮುಖ್ಯವಾಗಿ ಆಸ್ಪತ್ರೆಯಲ್ಲಿ ಪಡೆಯುವ ದೊಡ್ಡ ಚಿಕಿತ್ಸೆಗೆ. ನೇಕಾರನ ಬೆನ್ನುನೋವಿಗೂ ಬಿಚ್ಚಾಣಿಕೆಯವಳ ಕೆಮ್ಮಿಗೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವೇ ಗತಿ. ಬಯಲಿನಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಕೇಂದ್ರವಿರಬೇಕೆಂಬುದು ನಿಯಮ. ಆದರೆ ತಲೆಯೆಣಿಕೆಗೆ ಕಾಡುದಾರಿಯ ದೂರ ಗೋಚರಿಸುವುದಿಲ್ಲ.

ಕೈಗಾರಿಕೆಗೆ ಭೂಮಿ, ನೀರು, ವಿದ್ಯುತ್ತುಗಳನ್ನು ಒದಗಿಸಲು ಯೋಜನೆ ಹಾಕುವ ಸರ್ಕಾರ, ಅದೇ ಯೋಜನೆಯಲ್ಲಿ ವೈದ್ಯರನ್ನೂ ದಾದಿಯರನ್ನೂ ಔಷಧಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮನೆಯ ಮಗ್ಗವನ್ನೂ ಕಾರ್ಖಾನೆಯಷ್ಟೇ ಗೌರವದಿಂದ ಕಾಣಬೇಕು. ಆರೋಗ್ಯವು ದುಡಿಮೆಗೆ ದೊರೆಯುವ ಬಹುಮಾನವಲ್ಲ. ದುಡಿಮೆಗೆ ಅದೇ ಬಂಡವಾಳ.