ಜೇಬಿನಲ್ಲಿ ಬಂದ ಪಟ್ಟದ ಗೊಂಬೆ

ಓದಲೆಂದು ಜರ್ಮನಿಯ ಆಖೆನ್‌ಗೆ ಬಂದು ಒಂದು ವರ್ಷವಾಯಿತು. ಸೆಪ್ಟೆಂಬರ್ ಬಂತೆಂದರೆ ಇಲ್ಲಿನ ಪಾರ್ಕುಗಳಲ್ಲಿ ಹಾರ್ಸ್ ಚೆಸ್ಟ್‌ನಟ್ ಕಾಯಿಗಳು ಟಪಟಪ ಉದುರುತ್ತವೆ. ಮುಳ್ಳುಮುಳ್ಳಾದ ಸಿಪ್ಪೆ ಬಿಡಿಸಿದರೆ ಒಳಗೆ ಬೀಟೆ ಮರಕ್ಕೆ ಪಾಲಿಶ್ ಹಾಕಿದಂಥ ಬೀಜ. ತಿನ್ನೋ ಹಾಗಿಲ್ಲ, ವಿಷ. ಆದರೂ ಮಕ್ಕಳು ಚೀಲ ತುಂಬ ಆರಿಸಿಕೊಂಡು ಹೋಗಿ, ಬೆಂಕಿಕಡ್ಡಿ ಚುಚ್ಚಿ ಮನುಷ್ಯರನ್ನೂ ಪ್ರಾಣಿಗಳನ್ನೂ ಮಾಡುತ್ತಾರೆ.

ಕಳೆದ ವರ್ಷ, ಬಂದ ಹೊಸತರಲ್ಲಿ, ಸುಮ್ಮನೆ ನೋಡಿಕೊಂಡು ಹೋಗಿದ್ದೆ. ಈ ಸಲ ನಾನೂ ಜಾಕೆಟ್ಟಿನ ಜೇಬು ತುಂಬಿಸಿಕೊಂಡೆ.

ಕಾರಣ ಅಜ್ಜಿ. ಜುಲೈನಲ್ಲಿ ಮೈಸೂರಿನಲ್ಲಿ ಅಪ್ಪನ ಅಮ್ಮ ತೀರಿಕೊಂಡರು. ನನಗೆ ಪರೀಕ್ಷೆಯ ಸಮಯ. ವೀಸಾಗೆಂದು ಅಪ್ಪ ಬ್ಲಾಕ್ಡ್ ಅಕೌಂಟಿನಲ್ಲಿಟ್ಟ 11,904 ಯೂರೊ, ತಿಂಗಳಿಗೆ 992ರಂತೆ ಮಾತ್ರ ಕೈಗೆ ಬರುತ್ತೆ. ಬಾಡಿಗೆ, ಇನ್ಶೂರೆನ್ಸ್ ಕಳೆದು ನಾಳೆಯೇ ಹೊರಡೋ ಟಿಕೆಟ್ಟಿಗೆ ಎಲ್ಲಿಂದ ತರಲಿ? ‘ಬರ್ಬೇಡ ಪುಟ್ಟಿ, ಪರೀಕ್ಷೆ ಬರಿ’ ಅಂದರು ಅಪ್ಪ. ಅಜ್ಜಿಯನ್ನು ಫೋನಿನಲ್ಲೇ ಕಳಿಸಿಕೊಟ್ಟೆ.

ಅಜ್ಜಿ ಕೂರಿಸುತ್ತಿದ್ದ ದಸರಾ ಗೊಂಬೆಗಳಲ್ಲಿ ಕೊಂಡು ತಂದದ್ದು ಕಡಿಮೆ. ನಡುವೆ ರಕ್ತಚಂದನದ ಪಟ್ಟದ ಗೊಂಬೆ ಜೋಡಿ. ಸುತ್ತ ಬೆಂಕಿಪೊಟ್ಟಣದ ರೈಲು, ತೆಂಗಿನ ಚಿಪ್ಪಿನ ಆಮೆ, ತಟ್ಟೆಯಲ್ಲಿ ಬೆಳೆಸಿದ ರಾಗಿ ಪೈರಿನ ಪಾರ್ಕು. ‘ಎಸೀಬೇಡ್ವೇ, ದಸರಾಗೆ ಬೇಕಾಗುತ್ತೆ’ ಅಂತ ಖಾಲಿ ಡಬ್ಬಿಯನ್ನೂ ಎತ್ತಿಡೋರು. ಈ ವರ್ಷ ಸಾವಾದ ಮನೆ, ಹಬ್ಬವಿಲ್ಲ. ಗೊಂಬೆ ಪೆಟ್ಟಿಗೆ ಅಟ್ಟದಿಂದ ಇಳಿಯಲ್ಲ.

ನನ್ನ ಜೊತೆಗಿರುವ ಜರ್ಮನ್ ಹುಡುಗಿ ಕೆಲಸ ಹೇಳಿಕೊಟ್ಟಳು. ಬೀಜ ಹೊಸದಾಗಿರುವಾಗಲೇ ತೂತು ಕೊರೆಯಬೇಕು. ಒಣಗಿದರೆ ಗಟ್ಟಿಯಾಗಿ ಮೊನೆ ಜಾರುತ್ತೆ. ನನ್ನ ಬೆರಳೇ ಅದಕ್ಕೆ ಸಾಕ್ಷಿ. ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತೆ, ಗಾಳಿಗೆ ಹರಡಬೇಕು. ಒಣಗುತ್ತಾ ಕುಗ್ಗೋದರಿಂದ ಕಡ್ಡಿ ಕೈಕಾಲು ಸಡಿಲವಾಗುತ್ತೆ, ಒಂದು ಹನಿ ಅಂಟು ಬೇಕು.

ಉಳಿದದ್ದು ಬೀದಿಯಲ್ಲೇ ಸಿಕ್ಕಿತು. ಇಲ್ಲಿ ಬೇಡದ ಸಾಮಾನನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಮನೆ ಮುಂದಿಟ್ಟು, ‘ಪುಕ್ಕಟೆ’ ಎಂದು ಬರೆದಿರುತ್ತಾರೆ. ಅಂಥದ್ದರಲ್ಲಿ ಸಿಕ್ಕ ಹಳೇ ರೇಷ್ಮೆ ಟೈ ರಾಜನ ಪೇಟವೂ ರಾಣಿಯ ಸೀರೆಯೂ ಆಯಿತು. ಚಾಕೊಲೇಟಿನ ಚಿನ್ನದ ಕಾಗದ ಒಡವೆಯಾಯಿತು. ಶೂ ಡಬ್ಬಿಗಳಿಂದ ಮೂರು ಮೆಟ್ಟಿಲು. ರಾಗಿ ಎಲ್ಲಿಂದ ಬರಬೇಕು? ಒಗ್ಗರಣೆ ಡಬ್ಬಿಯ ಸಾಸಿವೆಯನ್ನೇ ಒದ್ದೆ ಹತ್ತಿಯ ಮೇಲೆ ಉದುರಿಸಿದೆ. ಕೆಲವೇ ದಿನಕ್ಕೆ ಅಜ್ಜಿಯ ಪಾರ್ಕು ಕಿಟಕಿಯಲ್ಲಿ ಹಸಿರಾಯಿತು.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಮುಖ ಗಂಟಾಯಿತು.

‘ಇದೇನೇ ಇದು? ಈ ವರ್ಷ ಹಬ್ಬ ಇಲ್ಲ ಅಂತ ಗೊತ್ತಿಲ್ವಾ?’

‘ಪೂಜೆ ಮಾಡಿಲ್ಲಮ್ಮಾ. ಅಜ್ಜಿ ನೆನಪಾದ್ರು, ಅದಕ್ಕೇ...’ ಮುಂದೆ ಮಾತು ಬರಲಿಲ್ಲ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಆರತಿ ಗೀರತಿ ಮಾಡ್ಬೇಡ. ಆದ್ರೆ ರಾಜನ ಪೇಟ ವಾರೆಯಾಗಿದೆ ನೋಡು, ಸರಿ ಮಾಡು. ನಿಮ್ಮಜ್ಜಿ ಆಗಿದ್ರೆ ಎಬ್ಬಿಸಿ ಮತ್ತೆ ಕಟ್ಟಿಸ್ತಿದ್ರು’ ಅಂದಳು. ಇಬ್ಬರಿಗೂ ನಗು ಬಂತು. ಅವತ್ತು ಒಂದು ಗಂಟೆ ಮಾತಾಡಿದೆವು, ಬರೀ ಅಜ್ಜಿಯ ವಿಷಯ. ಅವರು ಹೋದ ಮೇಲೆ ನಾವು ಹಾಗೆ ಮಾತಾಡಿದ್ದು ಅದೇ ಮೊದಲು.

ಈಗ ಬೀಜಗಳ ಹೊಳಪು ಮಾಸಿದೆ. ರಾಜ ಸೊರಗಿದ್ದಾನೆ, ರಾಣಿಯ ಒಂದು ಕೈ ಎರಡು ಸಲ ಬಿದ್ದಿದೆ. ಇಬ್ಬರನ್ನೂ ಹತ್ತಿಯಲ್ಲಿ ಸುತ್ತಿ ಎತ್ತಿಟ್ಟಿದ್ದೇನೆ. ಮುಂದಿನ ದಸರಾಗೆ ಅಟ್ಟದ ಪೆಟ್ಟಿಗೆ ಇಳಿದಾಗ, ರಕ್ತಚಂದನದ ಜೋಡಿಯ ಕೆಳಗಿನ ಮೆಟ್ಟಿಲು ಇವರಿಗೇ ಅಂತ ಅಮ್ಮ ಆಗಲೇ ಹೇಳಿಬಿಟ್ಟಿದ್ದಾಳೆ.